ಮಂಡಿಯೂರಿ ನೋಡಿದ ಆಟ

ಹಾಸಿಗೆಯಿಂದ ಏಳುವುದೂ ಈಗ ಯೋಚಿಸಿ ಮಾಡಬೇಕಾದ ಕೆಲಸವಾಗಿತ್ತು. ಮೊದಲು ಎಡಮಗ್ಗುಲಿಗೆ ಹೊರಳಬೇಕು, ಮಂಡಿಗಳ ನಡುವಿನ ದಿಂಬನ್ನು ಆಚೆ ತಳ್ಳಬೇಕು, ಎರಡು ಕಾಲನ್ನೂ ಒಟ್ಟಿಗೆ ಮಂಚದಿಂದ ಇಳಿಬಿಡಬೇಕು, ಆಮೇಲೆ ಮೊಣಕೈ ಊರಿ ಮೇಲಕ್ಕೆ ಬರಬೇಕು. ಇದರಲ್ಲಿ ಒಂದು ಹಿಂದುಮುಂದಾದರೂ ಬೆನ್ನಿನ ಬುಡದಲ್ಲಿ, ಬಲಗಡೆಗೆ, ಯಾರೋ ಕೊಕ್ಕೆ ಹಾಕಿ ಎಳೆದ ಹಾಗಾಗುತ್ತಿತ್ತು. ಆದರೆ ಅವತ್ತು ಬೆಳಿಗ್ಗೆ ಮೇಘಶ್ರೀ ಎಲ್ಲವನ್ನೂ ಮರೆತು, ಮದುವೆಗೆ ಮುಂಚೆ ಏಳುತ್ತಿದ್ದ ಹಾಗೆ, ಒಂದೇ ಸಲಕ್ಕೆ ಎದ್ದು ಕೂತುಬಿಟ್ಟಳು. ಕೊಕ್ಕೆ ಎಳೆಯಿತು. ಬಾಯಿಗೆ ಬಂದ ಸದ್ದನ್ನು ಅಂಗೈಯಲ್ಲಿ ಒತ್ತಿ ಹಿಡಿದು, ಪಕ್ಕದಲ್ಲಿ ಮಲಗಿದ್ದ ಗಂಡ ಚೇತನ್‌ಕುಮಾರನಿಗೆ ಎಚ್ಚರವಾಯಿತೇನೋ ಎಂದು ನೋಡಿದಳು. ಇಲ್ಲ, ಅವನು ಗೋಡೆಯ ಕಡೆ ಮುಖ ಮಾಡಿ ನಿದ್ದೆ ಹೋಗಿದ್ದ. ಕಣ್ಣಲ್ಲಿ ನೀರು ತುಂಬಿದ್ದರೂ ಅವಳಿಗೆ ನಗು ಬಂತು. ಇವತ್ತು ಅರಸೀಕೆರೆಯಲ್ಲಿ ತಾಲ್ಲೂಕು ಮಟ್ಟದ ಖೋಖೋ ಫೈನಲ್. ಜಾವಗಲ್ಲಿನ ಹೈಸ್ಕೂಲಿನಿಂದ ಹುಡುಗಿಯರ ಟೀಮೊಂದು ಇಲ್ಲಿಯವರೆಗೆ ಬಂದದ್ದೇ ಇದು ಮೊದಲು. ಆ ಟೀಮು ಅವಳದು. ಎದೆಯೊಳಗೆ ಏನೋ ಕುಣಿಯುತ್ತಿತ್ತು, ಹೊಟ್ಟೆಯೊಳಗೂ ಏನೋ ಕುಣಿಯುತ್ತಿತ್ತು. ಯಾವುದು ತನ್ನ ಸಂಭ್ರಮ, ಯಾವುದು ಮಗುವಿನ ಒದೆತ ಎಂದು ಒಂದು ಕ್ಷಣ ಗೊತ್ತಾಗಲಿಲ್ಲ.

ಏಳು ತಿಂಗಳು ತುಂಬಿದ ಮೇಲೆ ಅವಳ ದೇಹ ಅವಳ ಮಾತು ಕೇಳುವುದನ್ನು ಬಿಟ್ಟಿತ್ತು. ಅವಳು ಪಿ.ಟಿ. ಟೀಚರು. ಬೆಳಗಿನ ಪ್ರಾರ್ಥನೆಗೆ ಇಡೀ ಶಾಲೆಯನ್ನು ಸಾಲಾಗಿ ನಿಲ್ಲಿಸಿ 'ಸಾವಧಾನ್' ಎಂದು ಕೂಗುವವಳು, ಗೂನು ಹಾಕಿ ನಿಂತವರ ಭುಜ ಹಿಡಿದು ಹಿಂದಕ್ಕೆ ಎಳೆಯುವವಳು, 'ಬೆನ್ನು ನೆಟ್ಟಗಿದ್ರೆ ಬುದ್ಧಿ ನೆಟ್ಟಗಿರುತ್ತೆ' ಎಂದು ದಿನಕ್ಕೊಂದು ಸಲವಾದರೂ ಹೇಳುವವಳು. ಈಗ ಅವಳೇ ಸಾವಧಾನದಲ್ಲಿ ನಿಂತರೆ ಹೊಟ್ಟೆ ಮುಂದಕ್ಕೆ ಜಗ್ಗುತ್ತಿತ್ತು. ಅದು ಬೀಳಿಸದಿರಲಿ ಎಂದು ಭುಜ ಹಿಂದಕ್ಕೆ ಹೋಗುತ್ತಿತ್ತು. ನಡುವೆ ಸೊಂಟ ಒಳಕ್ಕೆ ಬಾಗಿ, ಪಾದಗಳು ಅಗಲವಾಗಿ ಹೊರಕ್ಕೆ ತಿರುಗಿಕೊಂಡು, ಅವಳು ಯಾರೋ ದಪ್ಪ ಸಾಹುಕಾರನ ಹಾಗೆ ನಿಂತಿರುತ್ತಿದ್ದಳು. ಹಳೇಬೀಡಿನ ಡಾಕ್ಟರ್ ಮಂಜುಳಾ ಇದನ್ನೆಲ್ಲ ಅರ್ಥವಾಗುವ ಹಾಗೆ ಹೇಳಿದ್ದರು. 'ಭಾರ ಮುಂದೆ ಬಂದಿದೆ ಅಲ್ವೇನಮ್ಮ, ಬೆನ್ನು ಅದಕ್ಕೆ ಲೆಕ್ಕ ಸರಿ ಮಾಡ್ಕೊಳ್ತಾ ಇದೆ. ಕೀಲುಗಳನ್ನ ಹಿಡಿದಿರೋ ನಾರೂ ಈಗ ಸಡಿಲ ಆಗಿರುತ್ತೆ. ಕಾಯಿಲೆ ಅಲ್ಲ ಇದು. ಆದ್ರೆ ತುಂಬಾ ಹೊತ್ತು ನಿಂತ್ಕೋಬೇಡಿ. ಹಿಡ್ಕೊಂಡ್ರೆ ಮಂಡಿ ಊರಿ, ಕೈ ಊರಿ, ಹಸು ಥರ ನಿಂತ್ಕೊಳ್ಳಿ, ಬೆನ್ನಿನ ಮೇಲಿನ ಭಾರ ಇಳಿಯುತ್ತೆ. ನೋವು ಅಲೆ ಥರ ಬಂದು ಬಂದು ಹೋಗೋಕೆ ಶುರುವಾದ್ರೆ, ಹೊಟ್ಟೆ ಕಲ್ಲಾದ್ರೆ, ನೀರೋ ರಕ್ತವೋ ಹೋದ್ರೆ ಮಾತ್ರ ತಡ ಮಾಡ್ದೆ ಬಂದ್ಬಿಡಿ.' ಹಸು ಥರ ನಿಲ್ಲುವುದನ್ನು ಮೇಘಶ್ರೀ ಮಾಡುತ್ತಿದ್ದಳು, ಕೋಣೆಯ ಬಾಗಿಲಿಗೆ ಚಿಲಕ ಹಾಕಿಕೊಂಡು. ನಿಜಕ್ಕೂ ಹಿತವಾಗುತ್ತಿತ್ತು. ಆದರೆ ಚಿಲಕ ಹಾಕದೆ ಮಾಡಲು ಅವಳಿಂದ ಆಗುತ್ತಿರಲಿಲ್ಲ. ಯೂನಿವರ್ಸಿಟಿಗೆ ಆಡಿದವಳು, ಅಂಕಣದಲ್ಲಿ ಜಿಂಕೆಯ ಹಾಗೆ ತಿರುಗುತ್ತಿದ್ದವಳು, ನಾಲ್ಕು ಕಾಲಿನ ಮೇಲೆ ಏದುಸಿರು ಬಿಡುತ್ತಾ ಇರುವುದನ್ನು ಯಾರಾದರೂ ನೋಡಿದರೆ ಎಂದುಕೊಂಡರೇ ಮೈ ಬಿಸಿಯಾಗುತ್ತಿತ್ತು. ಡಾಕ್ಟರು 'ಶಾಲೇಲಿ ಕೂತ್ಕೊಂಡೇ ಇರ್ತೀರ ತಾನೆ?' ಎಂದಾಗ 'ಹೂಂ ಮೇಡಂ' ಎಂದಿದ್ದಳು. ಸುಳ್ಳು. ನೋವಿದೆ ಎಂದು ಒಮ್ಮೆ ಬಾಯಿ ಬಿಟ್ಟರೆ ಮುಗಿಯಿತು, ಹೆಡ್‌ಮಾಸ್ಟರು ರಜೆ ಹಾಕಿ ಎನ್ನುತ್ತಾರೆ, ಚೇತನ್ ತವರಿಗೆ ಬಿಟ್ಟು ಬರುತ್ತೇನೆ ಎನ್ನುತ್ತಾನೆ, ಹುಡುಗಿಯರನ್ನು ಯಾರೋ ಗಣಿತದ ಮೇಷ್ಟ್ರು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಾರೆ.

ಅಡುಗೆಮನೆಯಲ್ಲಿ ಅತ್ತೆ ಕಾಂತಮ್ಮ ರೊಟ್ಟಿ ತಟ್ಟುತ್ತಿದ್ದರು. ಬಸ್ತಿಹಳ್ಳಿಯ ಆ ಸಣ್ಣ ಮನೆಯಲ್ಲಿ ಯಾರ ಹೆಜ್ಜೆ ಹೇಗೆ ಬೀಳುತ್ತದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಮೇಘಶ್ರೀ ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದದ್ದನ್ನು ಕಾಂತಮ್ಮ ತಿರುಗಿ ನೋಡದೆಯೇ ಕಂಡುಕೊಂಡರು.

"ಸೊಂಟ ಹಿಡ್ಕಂಡೈತೆ."

"ಏನೂ ಇಲ್ಲ ಅತ್ತೆ. ಆರಾಮಾಗಿದೀನಿ."

"ಏನೂ ಇಲ್ಲ ಅಂತೀಯ, ಗ್ವಾಡೆ ಹಿಡ್ಕಂಡು ನಡೀತೀಯ. ಗ್ವಾಡೆಗೇನು ಸೊಂಟ ನೋವಾ?"

ಅಷ್ಟರಲ್ಲಿ ಚೇತನ್ ಎದ್ದು ಬಂದ. ಹಗರೆಯ ಹಾಲಿನ ಡೈರಿಯಲ್ಲಿ ಅವನು ಕಾರ್ಯದರ್ಶಿ, ಬೆಳಗಿನ ಹಾಲು ಬರುವಷ್ಟರಲ್ಲಿ ಅಲ್ಲಿರಬೇಕು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ, "ಇವತ್ತು ಒಂದಿನ ಬಿಟ್ರೆ ಏನಾಗುತ್ತೆ ಮೇಘ? ಆಡೋರು ಅವರು ತಾನೆ, ನೀನಲ್ವಲ್ಲ" ಎಂದ. ಅವನು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ಆದರೆ ಆ ಮಾತು ಅವಳಿಗೆ ಕೊಕ್ಕೆಗಿಂತ ಜೋರಾಗಿ ಚುಚ್ಚಿತು. ಆಡೋರು ಅವರು. ನಾನಲ್ಲ. ಹಾಗಾದರೆ ರಾತ್ರಿಯೆಲ್ಲ ತಾನು ಕಣ್ಣು ಮುಚ್ಚಿಕೊಂಡು ಓಡಿದ್ದು ಯಾರ ಕಾಲಲ್ಲಿ? ಉತ್ತರ ಹೇಳುವ ಮೊದಲೇ ಕಾಂತಮ್ಮ ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿ, "ಹೋಗ್ಲಿ ಬಿಡಪ್ಪ. ನಾನೂ ಜತೇಲಿ ಬತ್ತೀನಿ" ಎಂದರು.

ಮೇಘಶ್ರೀ ನಿಂತಲ್ಲೇ ನಿಂತಳು. ಅತ್ತೆ? ಆಟದ ಮೈದಾನಕ್ಕೆ? ಮಠದ ಜಾತ್ರೆ, ನೆಂಟರ ಮದುವೆ ಬಿಟ್ಟರೆ ಕಾಂತಮ್ಮ ಹೊಸಿಲು ದಾಟಿದವರಲ್ಲ. ಸೊಸೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಕೆಲಸಕ್ಕೆ ಹೋಗುವುದನ್ನು ಅವರು ಒಪ್ಪಿಯೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ಆ ಪ್ಯಾಂಟನ್ನು ಒಗೆದು ಹಾಕುವಾಗ ಮಾತ್ರ ಸೀರೆಗಳ ಹಿಂದೆ, ಬೀದಿಗೆ ಕಾಣದ ಹಾಗೆ, ಹರವುತ್ತಿದ್ದರು. ಈಗ ಅವರು ಹೊಸ ಸೀರೆ ಉಟ್ಟು, ರೊಟ್ಟಿಯ ಡಬ್ಬಿ, ನೀರಿನ ಬಾಟಲಿ ಚೀಲಕ್ಕೆ ಹಾಕಿ, ಕೊನೆಗೆ ಮಲಗುವ ಕೋಣೆಯಿಂದ ಒಂದು ದಿಂಬನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು.

"ಅತ್ತೆ, ದಿಂಬು ಯಾಕೆ? ನೋಡಿದೋರು ನಗ್ತಾರೆ."

"ನಕ್ಕರೆ ನಗ್ಲಿ. ನಗೋರಿಗೆ ಸೊಂಟ ನೋಯಲ್ಲ."

ಬಸ್ಸಿನಲ್ಲಿ ಕಂಡಕ್ಟರು ಅವಳ ಹೊಟ್ಟೆ ನೋಡಿ ಮುಂದಿನ ಸೀಟಿನಲ್ಲಿದ್ದ ಇಬ್ಬರು ಹುಡುಗರನ್ನು ಎಬ್ಬಿಸಿದ. ಆಧಾರ್ ತೋರಿಸಿ ಬಿಟ್ಟಿ ಟಿಕೆಟ್ ಪಡೆದು ಕೂತ ಮೇಲೆ ಕಾಂತಮ್ಮ ಕೇಳದೆಯೇ ದಿಂಬನ್ನು ಅವಳ ಬೆನ್ನಿನ ಹಿಂದೆ ಸಿಕ್ಕಿಸಿದರು. ಮೇಘಶ್ರೀ ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದಳು. ರಸ್ತೆಯ ಹಂಪು ಬಂದಾಗಲೆಲ್ಲ ಉಸಿರು ಬಿಗಿ ಹಿಡಿಯುತ್ತಿದ್ದಳು, ಆದರೆ ಹಂಪು ದಾಟಿದ ಮೇಲೆ ಅಷ್ಟೇನೂ ನೋಯಲಿಲ್ಲವಲ್ಲ ಎಂದು ಗೊತ್ತಾಗಿ ದಿಂಬಿನ ಮೇಲೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ರಾಗಿ ಹೊಲಗಳು ಹಸಿರಾಗಿ ಹಿಂದೆ ಸರಿಯುತ್ತಿದ್ದವು. ಜಾವಗಲ್ಲಿನಲ್ಲಿ ಹುಡುಗಿಯರು ಹತ್ತಿದಾಗ ಬಸ್ಸು ಗಲಗಲ ಎಂದಿತು. ನಾಯಕಿ ಸಿರಿ, ಕಡ್ಡಿಯಂಥ ಹುಡುಗಿ, ಕಣ್ಣು ಕೆಂಪಗೆ ಮಾಡಿಕೊಂಡಿದ್ದಳು, ನಿದ್ದೆ ಮಾಡಿಲ್ಲ. ಹಿಂದೆಯೇ ದಿವ್ಯಾ, ಎರಡು ಜಡೆಗೆ ಹಸಿರು ಟೇಪು. ದಿವ್ಯಾಳನ್ನು ನೋಡಿದಾಗಲೆಲ್ಲ ಮೇಘಶ್ರೀಗೆ ಹೋದ ವಾರದ ಸಂಜೆ ನೆನಪಾಗುತ್ತಿತ್ತು. ಆಟದ ಸಾಮಾನಿನ ಕೋಣೆಯಿಂದ ಅವಳು ಹೊರಗೆ ಬಂದಾಗ ದಿವ್ಯಾ ಹುಡುಗಿಯರ ನಡುವೆ, ಲಂಗದೊಳಗೆ ವಾಲಿಬಾಲ್ ಇಟ್ಟುಕೊಂಡು, ಒಂದು ಕೈ ಸೊಂಟದ ಹಿಂದೆ, ಪಾದ ಅಗಲಿಸಿ, ಬಾತುಕೋಳಿಯ ಹಾಗೆ ನಡೆಯುತ್ತಾ 'ಏಯ್, ನೆಟ್ಟಗೆ ನಿಲ್ರೇ' ಎನ್ನುತ್ತಿದ್ದಳು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅವಳು ಬೈಯಲಿಲ್ಲ. ಕಂಡೂ ಕಾಣದ ಹಾಗೆ ಹಿಂದಕ್ಕೆ ಸರಿದು, ಕೋಣೆಯೊಳಗೆ ಚೆಂಡುಗಳ ಮಧ್ಯೆ ಸುಮ್ಮನೆ ನಿಂತಿದ್ದಳು. ನಾನು ನಿಜಕ್ಕೂ ಹಾಗೆ ನಡೀತೀನಾ? ಆ ರಾತ್ರಿ ಕನ್ನಡಿಯ ಮುಂದೆ ನಡೆದು ನೋಡಿದಳು. ಹುಡುಗಿ ಒಂದಿಷ್ಟೂ ತಪ್ಪು ಮಾಡಿರಲಿಲ್ಲ. ಆಟಗಾರ್ತಿಯ ಕಣ್ಣು.

ಅರಸೀಕೆರೆಯ ಮೈದಾನದಲ್ಲಿ ಸುಣ್ಣದ ಗೆರೆಗಳು ಹೊಳೆಯುತ್ತಿದ್ದವು. ಆಗಸ್ಟಿನ ಮೋಡ, ಬಿಸಿಲಿಲ್ಲ, ನೆಲ ಹದವಾಗಿ ಗಟ್ಟಿಯಾಗಿತ್ತು. ದೂರದಲ್ಲಿ ರೈಲೊಂದು ಜಂಕ್ಷನ್ನಿಗೆ ಬಂದು ನಿಲ್ಲುವ ಸದ್ದು. ಎದುರಾಳಿಗಳು ಪಟ್ಟಣದ ಒಂದು ಶಾಲೆಯವರು, ಎಲ್ಲರಿಗೂ ಒಂದೇ ಬಣ್ಣದ ಬೂಟು. ಅವರ ಕೋಚ್ ಸುನಿಲ್ ಅವಳ ಜೊತೆಗೇ ಬಿ.ಪಿ.ಎಡ್. ಓದಿದವನು. ಅವಳು ಬರುವುದನ್ನು ನೋಡಿ ಓಡಿ ಬಂದು, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ತಂದು ಗೆರೆಯ ಪಕ್ಕ ಹಾಕಿದ.

"ಈ ಟೈಮಲ್ಲಿ ನೀವ್ಯಾಕೆ ಬರೋಕೆ ಹೋದ್ರಿ ಮೇಡಂ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಆಟ ನೋಡಿ, ಟೆನ್ಷನ್ ಮಾಡ್ಕೋಬೇಡಿ."

ಕಾಲೇಜಿನಲ್ಲಿ ಅವನು ಅವಳನ್ನು ಮೇಘಾ ಎನ್ನುತ್ತಿದ್ದ. ಓಡುವ ಅವಳನ್ನು ಹಿಡಿಯಲಾಗದೆ ಎಷ್ಟೋ ಸಲ ಮಣ್ಣು ಮುಕ್ಕಿದ್ದ. ಈಗ ಮೇಡಂ, ಕುರ್ಚಿ, ಟೆನ್ಷನ್ ಬೇಡ. ಅವನ ದನಿಯಲ್ಲಿದ್ದ ಮರುಕ ನಿಜವಾದದ್ದು, ಅದಕ್ಕೇ ಇನ್ನೂ ಸಹಿಸಲಾಗಲಿಲ್ಲ. "ಪರವಾಗಿಲ್ಲ ಸುನಿಲ್, ನಾನು ನಿಂತೇ ನೋಡೋದು" ಎಂದುಬಿಟ್ಟಳು. ಕುರ್ಚಿಯಲ್ಲಿ ಕಾಂತಮ್ಮ ಕೂತರು, ಮಡಿಲಲ್ಲಿ ದಿಂಬು.

ಆಟ ಶುರುವಾಯಿತು. ಮೊದಲ ಸೀಟಿಯ ಜೊತೆಗೇ ಮೇಘಶ್ರೀಗೆ ಮೈಯೆಲ್ಲ ಕಿವಿಯಾಯಿತು. ಸಾಲಾಗಿ ಕುಕ್ಕರುಗಾಲಿನಲ್ಲಿ ಕೂತ ಹುಡುಗಿಯರು, ಒಬ್ಬಳ ಮುಖ ಈ ಕಡೆ, ಪಕ್ಕದವಳ ಮುಖ ಆ ಕಡೆ. ಬೆನ್ನಿಗೆ ತಟ್ಟಿ 'ಖೋ' ಎಂದ ಕೂಡಲೇ ಸ್ಪ್ರಿಂಗಿನ ಹಾಗೆ ಚಿಮ್ಮಬೇಕು. ಅವಳು ಗೆರೆಯ ಉದ್ದಕ್ಕೂ ಹೋಗುತ್ತಾ ಬರುತ್ತಾ ಕೂಗಿದಳು. 'ಸಿರಿ, ಕಂಬ ಸುತ್ತು!' 'ಭಾರ ಮುಂದಿಡ್ರೇ, ಹಿಮ್ಮಡಿ ಮೇಲೆ ಕೂತ್ಕೋಬೇಡಿ!' ಎದುರಾಳಿಗಳಲ್ಲಿ ಒಬ್ಬಳು ಎತ್ತರದ ಹುಡುಗಿ, ನೀಳ ಕೈಕಾಲು, ಸಾಲಿನ ನಡುವೆ ನೂಲಿನ ಹಾಗೆ ನುಸುಳುತ್ತಿದ್ದಳು. ಯಾರಿಗೂ ಸಿಗುತ್ತಿರಲಿಲ್ಲ. ಕಣ್ಣು ಬಲಕ್ಕೆ ನೋಡುತ್ತಿತ್ತು, ಮೈ ಎಡಕ್ಕೆ ಹೋಗುತ್ತಿತ್ತು. ಬೆನ್ನಟ್ಟಿದವಳೆಲ್ಲ ಗಾಳಿ ಮುಟ್ಟಿ ಬರುತ್ತಿದ್ದಳು. ಮೊದಲ ಸುತ್ತು ಮುಗಿದಾಗ ಪಟ್ಟಣದವರು ಮುಂದಿದ್ದರು. ಆದರೂ ಮೇಘಶ್ರೀಗೆ ಹೆದರಿಕೆಯಾಗಲಿಲ್ಲ. ಎಷ್ಟೋ ತಿಂಗಳಿಂದ ಮರೆತಿದ್ದ ರುಚಿಯೊಂದು ನಾಲಿಗೆಗೆ ಬಂದಿತ್ತು, ಮಣ್ಣು, ಬೆವರು, ಸುಣ್ಣ. ತಾನು ಬಸುರಿ ಎನ್ನುವುದೇ ಅವಳಿಗೆ ಮರೆತುಹೋಗಿತ್ತು. ಹಾಗೆ ಮರೆತಿದ್ದೆ ಎಂದು ಹೊಳೆದದ್ದು ಎರಡನೆಯ ಸುತ್ತಿನ ನಡುವೆ, ಒಳಗಿನಿಂದ ಒಂದು ಸಣ್ಣ ಕಾಲು ಪಕ್ಕೆಗೆ ತಾಗಿದಾಗ. ತಪ್ಪು ಮಾಡಿದವಳ ಹಾಗೆ ಕೈ ಹೊಟ್ಟೆಯ ಮೇಲೆ ಹೋಯಿತು. ಇಷ್ಟು ಹೊತ್ತು ನಿನ್ನ ನೆನಪೇ ಇರಲಿಲ್ಲವಲ್ಲೋ. ಎಂಥ ತಾಯಿ ನಾನು? ಆ ಗಾಬರಿಯಲ್ಲಿ ಥಟ್ಟನೆ ತಿರುಗಿದಳು. ತಿರುಗಬಾರದಿತ್ತು. ಬಲಗಡೆಯ ಕೊಕ್ಕೆ ಈ ಸಲ ಎಳೆಯಲಿಲ್ಲ, ಸಿಕ್ಕಿಹಾಕಿಕೊಂಡುಬಿಟ್ಟಿತು.

ಅವಳು ಅರ್ಧ ಬಾಗಿ ನಿಂತಳು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ತೊಡೆಯ ಹಿಂಭಾಗದವರೆಗೆ ಬಿಸಿ ತಂತಿ ಹರಿದ ಹಾಗಾಯಿತು. ಮೈದಾನದ ಆಚೆಯಿಂದ ಸುನಿಲ್ ನೋಡುತ್ತಿದ್ದ. ಬೇರೆ ಶಾಲೆಯ ಮೇಷ್ಟ್ರುಗಳು ಟೀ ಲೋಟ ಹಿಡಿದು ನೋಡುತ್ತಿದ್ದರು. ಯಾರೋ "ಅಯ್ಯೋ, ಆ ಮೇಡಂಗೆ ಏನೋ ಆಯ್ತು" ಎಂದರು. ಕಾಂತಮ್ಮ ಕುರ್ಚಿ ಉರುಳಿಸಿಕೊಂಡು, ದಿಂಬಿನ ಸಮೇತ ಎದ್ದು ಬಂದರು.

"ಏನವ್ವಾ? ಬ್ಯಾನೆನಾ?"

ಬ್ಯಾನೆ. ಹೆರಿಗೆ ನೋವು. ಆ ಮಾತು ಕೇಳಿದ್ದೇ ಮೇಘಶ್ರೀಗೆ ಕಣ್ಣು ಕತ್ತಲೆಯಾಯಿತು. ಏಳು ತಿಂಗಳಿಗೇ? ನನ್ನ ಹಠಕ್ಕೆ? ಡಾಕ್ಟರು ಹೇಳಿದ್ದನ್ನು ಒಂದೊಂದಾಗಿ ನೆನಪಿಸಿಕೊಂಡಳು, ಪರೀಕ್ಷೆಯಲ್ಲಿ ಮರೆತ ಉತ್ತರವನ್ನು ಹುಡುಕುವ ಹಾಗೆ. ಅಲೆ ಥರ ಬಂದು ಹೋಗುತ್ತಿದೆಯೇ? ಇಲ್ಲ, ಹಿಡಿದದ್ದು ಬಿಟ್ಟೇ ಇಲ್ಲ. ಹೊಟ್ಟೆ ಮುಟ್ಟಿ ನೋಡಿದಳು. ಕಲ್ಲಾಗಿಲ್ಲ, ಮೆತ್ತಗಿದೆ, ಒಳಗೆ ಮಗು ಆರಾಮಾಗಿ ಹೊರಳುತ್ತಿದೆ. ಒದ್ದೆಯಿಲ್ಲ. ಉಸಿರು ಬಿಟ್ಟಳು.

"ಅಲ್ಲ ಅತ್ತೆ. ಸೊಂಟ. ಬರೀ ಸೊಂಟ ಹಿಡ್ಕೊಂಡಿದೆ."

"ನಡಿ, ಕುರ್ಚೀಲಿ ಕೂತ್ಕ."

"ಕೂರಕ್ಕಾಗ್ತಿಲ್ಲ."

ಏನು ಮಾಡಬೇಕು ಎನ್ನುವುದು ಅವಳಿಗೆ ಗೊತ್ತಿತ್ತು. ಅದನ್ನು ಇಲ್ಲಿ ಮಾಡುವುದು ಹೇಗೆ ಎನ್ನುವುದಷ್ಟೇ ಗೊತ್ತಿರಲಿಲ್ಲ. ಇಲ್ಲಿ ಬಾಗಿಲಿಲ್ಲ, ಚಿಲಕವಿಲ್ಲ. ಸುತ್ತ ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳೆಲ್ಲ ಇದ್ದಾರೆ, ಮೊಬೈಲು ಹಿಡಿದ ಹುಡುಗರಿದ್ದಾರೆ, ತನ್ನ ನಡಿಗೆಯನ್ನು ಅಣಕಿಸಿದ ದಿವ್ಯಾ ಇದ್ದಾಳೆ. ಆಗಲೇ ಸೀಟಿ ಬಿತ್ತು. ಸುತ್ತಿನ ಕೊನೆಯ ಅರ್ಧ, ಅವಳ ಹುಡುಗಿಯರು ಬೆನ್ನಟ್ಟುವ ಸರದಿ. ಸಿರಿ ತಿರುಗಿ ಅವಳ ಕಡೆ ನೋಡಿದಳು, ಏನು ಮಾಡಲಿ ಮಿಸ್ ಎನ್ನುವ ಹಾಗೆ. ಆ ಮುಖ ನೋಡಿದ ಮೇಲೆ ಮೇಘಶ್ರೀ ಇನ್ನು ಯೋಚಿಸಲಿಲ್ಲ. ಅತ್ತೆಯ ತೋಳು ಹಿಡಿದು, ಒಂದು ಮಂಡಿ, ಆಮೇಲೆ ಇನ್ನೊಂದು ಮಂಡಿ ನೆಲಕ್ಕೆ ಊರಿ, ಸುಣ್ಣದ ಗೆರೆಯ ಪಕ್ಕದಲ್ಲಿ ಎರಡೂ ಅಂಗೈಗಳನ್ನು ಮಣ್ಣಿಗೆ ಒತ್ತಿದಳು.

ಹೊಟ್ಟೆ ಕೆಳಕ್ಕೆ ಇಳಿಬಿತ್ತು. ಬೆನ್ನಿನ ಮೇಲೆ ಹೊತ್ತಿದ್ದ ಮೂಟೆಯನ್ನು ಯಾರೋ ಇಳಿಸಿಕೊಂಡ ಹಾಗಾಯಿತು. ಉಸಿರು ಬಿಡುತ್ತಾ ಬೆನ್ನನ್ನು ಮೆಲ್ಲಗೆ ಮೇಲಕ್ಕೆ ಉಬ್ಬಿಸಿದಳು, ಸಮ ಮಾಡಿದಳು, ಮತ್ತೆ ಉಬ್ಬಿಸಿದಳು. ಎಲ್ಲೋ ಆಳದಲ್ಲಿ ಗಂಟೊಂದು ಸಡಿಲಗೊಂಡಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಕಿವಿ ಬಿಸಿಯಾಯಿತು. ನಗಲಿ, ಎಂದುಕೊಂಡಳು, ಆದರೂ ಕಿವಿ ಬಿಸಿಯಾಗಿಯೇ ಇತ್ತು. ಆಗ ಕಣ್ಣ ಮುಂದೆ ಹೊಸ ಸೀರೆಯ ಅಂಚು ಬಂದು ನಿಂತಿತು. ಕಾಂತಮ್ಮ ಸೊಸೆಯನ್ನು ಜನರಿಂದ ಮರೆಮಾಡಲು ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ, ಪರದೆಯ ಹಾಗೆ, ಅವಳ ಮುಂದೆಯೇ ನಿಂತುಬಿಟ್ಟಿದ್ದರು.

"ಅತ್ತೆ."

"ಹೆದರ್ಕಬ್ಯಾಡ, ಯಾರಿಗೂ ಕಾಣಾಕಿಲ್ಲ."

"ಅತ್ತೆ, ಸ್ವಲ್ಪ ಸರೀರಿ. ನನಗೇ ಆಟ ಕಾಣ್ತಿಲ್ಲ!"

ಕಾಂತಮ್ಮ ಬೆಪ್ಪಾಗಿ ತಿರುಗಿ ನೋಡಿದರು. ಆಮೇಲೆ ಸೆರಗು ಹೊದ್ದು ಪಕ್ಕಕ್ಕೆ ಸರಿದು, ಅವಳ ಹತ್ತಿರವೇ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಅಂಗೈಯ ಬುಡವನ್ನು ಸೊಸೆಯ ಸೊಂಟದ ಬಲಗಡೆಗೆ ಇಟ್ಟು ಒತ್ತಿ ಹಿಡಿದರು. ಒತ್ತಿದ್ದು ಸರಿಯಾದ ಜಾಗವಾಗಿರಲಿಲ್ಲ. "ಇನ್ನೂ ಕೆಳಗೆ" ಎಂದಳು ಮೇಘಶ್ರೀ, ಆಟದಿಂದ ಕಣ್ಣು ತೆಗೆಯದೆ. ಅತ್ತೆಗೆ ತಾನು ಯಾವತ್ತೂ ಹೀಗೆ ಹೇಳಿದವಳಲ್ಲ ಎನ್ನುವುದೂ ಆಗ ಹೊಳೆಯಲಿಲ್ಲ.

ಕೆಳಗಿನಿಂದ ಆಟ ಬೇರೆಯೇ ಆಗಿತ್ತು. ಮುಖಗಳಿಲ್ಲ, ಜಡೆಗಳಿಲ್ಲ, ಜೆರ್ಸಿಯ ನಂಬರುಗಳಿಲ್ಲ. ಬರೀ ಕಾಲುಗಳು. ಬೂಟು ತೊಟ್ಟ ಕಾಲು, ಬರಿಗಾಲು, ಹೆಬ್ಬೆರಳಿಗೆ ಬಟ್ಟೆ ಸುತ್ತಿದ ಕಾಲು. ಓಟದ ದಡದಡ ಕಿವಿಗಿಂತ ಮೊದಲು ಅಂಗೈಗೆ ಬರುತ್ತಿತ್ತು. ನೆಲವೇ ಅವಳಿಗೆ ಹೇಳುತ್ತಿತ್ತು, ಈಗ ಸಿರಿ ಕಂಬದ ಹತ್ತಿರ ಇದ್ದಾಳೆ, ಈಗ ಇಬ್ಬರು ಒಟ್ಟಿಗೆ ತಿರುಗಿದರು. ಸಿರಿ ಒಬ್ಬಳನ್ನು ಹಿಡಿದಳು, ಇನ್ನೊಬ್ಬಳು ಗೆರೆ ದಾಟಿ ತಾನೇ ಔಟಾದಳು. ಕೊನೆಗೆ ಉಳಿದವರು ಇಬ್ಬರು. ಇಬ್ಬರನ್ನೂ ಹಿಡಿದರೆ ಗೆಲುವು, ಒಬ್ಬಳನ್ನೇ ಹಿಡಿದರೆ ಸಮ. ಮೊದಲನೆಯವಳನ್ನು ಸಿರಿ ಕಂಬದ ಬಳಿ ನೆಲಕ್ಕೆ ಹಾರಿ ಬೆರಳ ತುದಿಯಲ್ಲಿ ಮುಟ್ಟಿದಳು. ಮೊಣಕೈ ಕಿತ್ತು ರಕ್ತ ಬಂತು. ಉಳಿದವಳು ಆ ಎತ್ತರದ ಹುಡುಗಿ.

ಮತ್ತೆ ಅದೇ ನುಸುಳಾಟ. ಮತ್ತೆ ಅದೇ ಗಾಳಿ. ಹೊತ್ತು ಮುಗಿಯುತ್ತಾ ಬಂದಿತ್ತು. ಮೇಘಶ್ರೀ ಆ ಹುಡುಗಿಯ ಕಾಲನ್ನೇ ನೋಡಿದಳು, ನೋಡಲು ಬೇರೇನೂ ಕಾಣುತ್ತಿರಲಿಲ್ಲ. ಆಗ ಕಂಡಿತು. ಸಾಲಿನ ನಡುವೆ ಆಚೆಗೆ ನುಗ್ಗುವ ಮುಂಚೆ ಅವಳ ಎಡಗಾಲಿನ ಹಿಮ್ಮಡಿ ಚೂರು ಮೇಲಕ್ಕೆ ಏಳುತ್ತಿತ್ತು. ಒಂದು ಸಲ. ಇನ್ನೊಂದು ಸಲ. ಕಣ್ಣು ಸುಳ್ಳು ಹೇಳುತ್ತಿತ್ತು, ಭುಜವೂ ಸುಳ್ಳು ಹೇಳುತ್ತಿತ್ತು, ಹಿಮ್ಮಡಿ ಹೇಳುತ್ತಿರಲಿಲ್ಲ. ನಿಂತಿದ್ದಾಗ ಇದು ಯಾಕೆ ಕಾಣಲಿಲ್ಲ? ಹತ್ತಿರದ ಚೌಕದಲ್ಲಿ, ಮಾರು ದೂರದಲ್ಲಿ, ಅವಳ ಕಡೆಗೇ ಮುಖ ಮಾಡಿ ಕುಕ್ಕರುಗಾಲಲ್ಲಿ ಕೂತಿದ್ದವಳು ದಿವ್ಯಾ. ಈಗ ಇಬ್ಬರ ಮುಖವೂ ಒಂದೇ ಎತ್ತರದಲ್ಲಿತ್ತು.

"ದಿವ್ಯಾ! ಅವಳ ಮುಖ ನೋಡ್ಬೇಡ. ಎಡಗಾಲ ಹಿಮ್ಮಡಿ ನೋಡು. ಅದು ಎದ್ರೆ ಒಳಗೆ ನುಗ್ತಾಳೆ. ಸಿರಿಗೆ ಹೇಳು, ಆವಾಗ್ಲೇ ಖೋ ಕೊಡ್ಬೇಕು, ಅವಳು ದಾಟೋ ತನಕ ಕಾಯ್ಬಾರದು!"

ದಿವ್ಯಾ ನಗಲಿಲ್ಲ. ನಾಲ್ಕು ಕಾಲಿನ ಮೇಲಿದ್ದ ತನ್ನ ಟೀಚರನ್ನು ನೇರವಾಗಿ ನೋಡಿ, ಗಂಭೀರವಾಗಿ ತಲೆ ಆಡಿಸಿ, ಸಿರಿ ಬೆನ್ನ ಹಿಂದೆ ಓಡಿ ಬಂದಾಗ "ಹಿಮ್ಮಡಿ ಎದ್ರೆ ಖೋ ಕಣೇ, ಎಡದ್ದು!" ಎಂದು ಕೂಗಿದಳು. ಸಿರಿಗೆ ಅರ್ಥವಾಯಿತೋ ಇಲ್ಲವೋ. ಅವಳು ಎತ್ತರದ ಹುಡುಗಿಯ ಹಿಂದೆ ಸಾಲಿನ ಆಚೆ ಬದಿಯಲ್ಲಿ ಬರುತ್ತಿದ್ದಳು. ಅಂಗೈಯೊಳಗೆ ನೆಲ ಬಡಿಯುತ್ತಿತ್ತು. ಹಿಮ್ಮಡಿ ಎದ್ದಿತು.

"ಖೋ!"

ಆ ಹುಡುಗಿ ಇತ್ತ ನುಗ್ಗುವುದಕ್ಕೂ ದಿವ್ಯಾ ಚಿಮ್ಮುವುದಕ್ಕೂ ಸರಿಹೋಯಿತು. ಇಬ್ಬರೂ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಸುಣ್ಣದ ಗೆರೆಯ ಮೇಲೆ ಉರುಳಿದರು, ಮೇಘಶ್ರೀಯ ಮುಖಕ್ಕೆ ಮಣ್ಣು ಚಿಮ್ಮಿತು. ಸೀಟಿ. ರೆಫರಿಯ ಕೈ ಮೇಲೆ ಹೋಯಿತು. ಅದಾದ ಮೇಲೆ ಏನೂ ಸರಿಯಾಗಿ ಕೇಳಿಸಲಿಲ್ಲ. ಪಕ್ಕದಲ್ಲಿ ಯಾರೋ ಜೋರಾಗಿ, ಮೈದಾನವೇ ತಿರುಗಿ ನೋಡುವ ಹಾಗೆ, "ಸಿಕ್ಕುದ್ಲು! ಸಿಕ್ಕುದ್ಲು ಕಣವ್ವಾ!" ಎಂದು ಕಿರುಚುತ್ತಿದ್ದರು. ನೋಡಿದರೆ ಕಾಂತಮ್ಮ. ದಿಂಬನ್ನು ಎರಡೂ ಕೈಯಲ್ಲಿ ಎತ್ತಿ ಎತ್ತಿ ನೆಲಕ್ಕೆ ಬಡಿಯುತ್ತಿದ್ದರು, ಹತ್ತಿ ಹಾರುತ್ತಿತ್ತು.

ಹುಡುಗಿಯರು ಓಡಿ ಬಂದರು. ಮಿಸ್ಸನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ, ಅಪ್ಪಿಕೊಳ್ಳುವುದು ಹೇಗೆಂದೂ ಗೊತ್ತಾಗಲಿಲ್ಲ. ಸಿರಿ ಮೊದಲು ಮಂಡಿಯೂರಿದಳು. ಆಮೇಲೆ ಎಲ್ಲರೂ ಮಂಡಿಯೂರಿ, ಅವಳ ಭುಜಕ್ಕೆ ತಲೆಗೆ ಕೆನ್ನೆಗೆ ಮುಖ ಒತ್ತಿ, ನಗುತ್ತಾ ಅಳುತ್ತಾ ಗೂಡು ಕಟ್ಟಿದರು. ಆ ಗೂಡಿನೊಳಗೆ ಬೆವರಿನ ಬಿಸಿ ವಾಸನೆ. ದಿವ್ಯಾ ಅವಳ ಕಿವಿಯ ಹತ್ತಿರ, "ಮಿಸ್, ಅವತ್ತು ನೀವು ನೋಡಿದ್ರಿ ಅಂತ ನಂಗೊತ್ತಿತ್ತು" ಎಂದಳು. "ಚೆನ್ನಾಗಿ ನಡೆದಿದ್ದೆ ಕಣೇ, ಕೈ ಮಾತ್ರ ಇನ್ನೊಂಚೂರು ಕೆಳಗಿಡ್ಬೇಕಿತ್ತು" ಎಂದಳು ಮೇಘಶ್ರೀ. ಒಳಗೆ ಮಗು ಒದೆಯಿತು. ಈ ಸಲ ಅವಳಿಗೆ ತಪ್ಪು ಮಾಡಿದೆ ಎನ್ನಿಸಲಿಲ್ಲ. ಇಷ್ಟು ಗದ್ದಲದಲ್ಲಿ ನೀನಾದರೂ ಹೇಗೆ ಸುಮ್ಮನಿರುತ್ತೀಯ ಎನ್ನಿಸಿತು.

ಮಧ್ಯಾಹ್ನ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಅವಳು ಎಡಮಗ್ಗುಲಾಗಿ ಮಲಗಿದ್ದಾಗ ಕಾಂತಮ್ಮ ಡಬ್ಬಿ ಬಿಚ್ಚಿ ರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚಿ ಕೊಟ್ಟರು. ಆಮೇಲೆ ಕಾಂತಮ್ಮ ರೊಟ್ಟಿ ಮುರಿಯುತ್ತಾ, ಯಾರಿಗೋ ಹೇಳುವ ಹಾಗೆ ಹೇಳಿದರು.

"ಚೇತನ ಹೊಟ್ಟೇಲಿದ್ದಾಗ ನಂಗೂ ಹಿಂಗೇ ಹಿಡ್ಕತಿತ್ತು. ಕೊಟ್ಟಿಗೆಗೆ ಹೋಗಿ ಹುಲ್ಲು ಹಾಕೋ ಗ್ವಾದ್ಲಿ ಮ್ಯಾಲೆ ಕೈಯೂರಿ ಬಗ್ಗಿ ನಿಂತ್ಕತಿದ್ದೆ. ಯಾರಾದ್ರೂ ಬಂದ್ರೆ ಸಗಣಿ ಬಾಚೋ ಹಂಗೆ ಮಾಡ್ತಿದ್ದೆ. ನಮ್ಮತ್ತೆಗೆ ಗೊತ್ತಾಗ್ಬಾರ್ದು ಅಂತ."

"ಯಾಕತ್ತೆ ಗೊತ್ತಾಗ್ಬಾರ್ದು?"

ಕಾಂತಮ್ಮ ಯೋಚಿಸಿದರು. "ಗೊತ್ತಿಲ್ಲ ಕಣವ್ವ. ಸುಮ್ನೆ" ಎಂದರು. ಆಮೇಲೆ ಇದ್ದಕ್ಕಿದ್ದ ಹಾಗೆ ಅವರಿಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಜಾವಗಲ್ ಬಸ್ಸಿಗೆ ಕಾಯುತ್ತಿದ್ದಾಗ ಹೆಡ್‌ಮಾಸ್ಟರ್ ರಾಜಶೇಖರ್ ಫೋನು ಮಾಡಿದರು. ಹುಡುಗಿಯರು ಟ್ರೋಫಿಯನ್ನು ಕೈಯಿಂದ ಕೈಗೆ ದಾಟಿಸುತ್ತಾ ಗಲಾಟೆ ಮಾಡುತ್ತಿದ್ದರು, ಒಂದು ಕಿವಿ ಮುಚ್ಚಿಕೊಂಡು ಮಾತಾಡಬೇಕಾಯಿತು. ಹೊಗಳಿದರು, ಸಂತೋಷಪಟ್ಟರು. ಆಮೇಲೆ ದನಿ ಇಳಿಸಿ, "ಮುಂದಿನ ತಿಂಗಳು ಜಿಲ್ಲಾ ಮಟ್ಟಕ್ಕೆ ಹಾಸನ ಮೇಡಂ. ನಿಮಗೆ ಆಗ ತುಂಬಾ ತೊಂದರೆ ಆಗುತ್ತೇನೋ. ಬೇರೆ ಯಾರಿಗಾದರೂ ಹೇಳಲಾ?" ಎಂದರು. ಪರವಾಗಿಲ್ಲ ಸರ್, ನಂಗೇನೂ ತೊಂದ್ರೆ ಇಲ್ಲ ಎನ್ನುವ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿದಳು. ನುಂಗಿ, ಬಸ್ಸುಗಳ ಹಾರನ್ನನ್ನೂ ಮೀರಿ ಕೇಳುವ ಹಾಗೆ, ಮೈದಾನದಲ್ಲಿ ಕೂಗುವ ದನಿಯಲ್ಲಿ ಹೇಳಿದಳು.

"ಸರ್, ನನಗೆ ಸೊಂಟ ನೋವಿದೆ. ಎರಡು ತಿಂಗಳಿಂದ ಇದೆ. ತುಂಬಾ ಹೊತ್ತು ನಿಂತ್ಕೊಳ್ಳೋಕೆ ಆಗಲ್ಲ, ಬಗ್ಗಕ್ಕಾಗಲ್ಲ. ನಾಳೆ ಡಾಕ್ಟರ್ ಹತ್ರ ಹೋಗಿ ಎಲ್ಲಾ ನಿಜ ಹೇಳ್ತೀನಿ. ಅವರು ಬೇಡ ಅಂದ್ರೆ ಬರಲ್ಲ. ಹೂಂ ಅಂದ್ರೆ ನಾನೇ ಕರ್ಕೊಂಡು ಹೋಗ್ತೀನಿ. ನಂಗೆ ಒಂದು ಕುರ್ಚಿ, ಒಂದು ಚಾಪೆ, ಜೊತೆಗೆ ಓಡಾಡೋಕೆ ಇನ್ನೊಬ್ಬರು ಬೇಕು. ಅಷ್ಟೇ."

"ಆಯ್ತು ಮೇಡಂ" ಎಂದರು ರಾಜಶೇಖರ್, ಇಷ್ಟೇನಾ ಎನ್ನುವ ಹಾಗೆ. ಫೋನು ಇಟ್ಟಾಗ ಸುತ್ತಲಿನವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎಂದು ಗೊತ್ತಾಯಿತು. ಹಣ್ಣಿನ ಗಾಡಿಯವನೂ ನೋಡುತ್ತಿದ್ದ. ಜನರ ನಡುವಿನಿಂದ ಒಬ್ಬಳು ಹೆಂಗಸು, ಅವಳದೇ ವಯಸ್ಸು, ಅವಳಷ್ಟೇ ದೊಡ್ಡ ಹೊಟ್ಟೆ, ಒಂದು ಕೈಯಲ್ಲಿ ಸಂತೆಯ ಚೀಲ, ಮೆಲ್ಲಗೆ ಹತ್ತಿರ ಬಂದಳು. ಇಷ್ಟು ಹೊತ್ತೂ ಕಂಬಕ್ಕೆ ಒರಗಿ ತುಟಿ ಕಚ್ಚಿಕೊಂಡು ನಿಂತಿದ್ದವಳು.

"ಅಕ್ಕ," ಎಂದಳು ಪಿಸುದನಿಯಲ್ಲಿ, "ನಿಮ್ಗೂ ಐತಾ?"

"ಐತೆ ಕಣಮ್ಮ," ಎಂದಳು ಮೇಘಶ್ರೀ, ಅವಳ ಭಾಷೆಯಲ್ಲೇ, ಪಿಸುಗುಟ್ಟದೆ. "ಎಲ್ಲಿ ನಿಂಗೆ?" ತನ್ನ ಸೊಂಟದ ಬಲಗಡೆ ಮುಟ್ಟಿ ತೋರಿಸಿದಳು. "ಇಲ್ಲೇನಾ?"

"ಹೂಂ, ಅಲ್ಲೇ. ನಂಗೊಬ್ಳಿಗೇ ಏನೋ ಅಂದ್ಕಂಡಿದ್ದೆ."

"ಆ ಚೀಲ ಕೆಳಗಿಡು ಮೊದ್ಲು. ಒಂದು ಕಾಲು ತೆಗೆದು ಈ ಕಟ್ಟೆ ಮೇಲಿಡು. ಇನ್ನೊಂದು ಕಾಲಿನ ಮಂಡಿ ಬಿಗಿ ಹಿಡೀಬೇಡ. ಹಾಂ. ಈಗ ಉಸಿರು ಬಿಡು."

ಹೆಂಗಸು ಅತ್ತಿತ್ತ ನೋಡಿದಳು, ನಾಚಿದಳು, ಆಮೇಲೆ ಸೀರೆಯ ಅಂಚು ಎತ್ತಿ ಚಪ್ಪಲಿ ಕಾಲನ್ನು ಮೆಲ್ಲಗೆ ಕಟ್ಟೆಯ ಮೇಲೆ ಇಟ್ಟಳು. ಉಸಿರು ಬಿಟ್ಟಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವಳ ಹುಬ್ಬುಗಳು ಮೇಲಕ್ಕೆ ಹೋದವು.

"ಅಯ್ಯೋ," ಎಂದಳು ಬೆರಗಿನಲ್ಲಿ, ತನ್ನ ಬೆನ್ನನ್ನೇ ತಿರುಗಿ ನೋಡುವವಳ ಹಾಗೆ, "ಹೌದಲ್ಲಾ!"